ಉಳಿದ ಒಬ್ಬ ಓದುಗ

ಮಾರ್ಚ್ 3, ಸೋಮವಾರ

ಬೆಳಗ್ಗಿನಿಂದ ಪ್ಯಾಂಟು, ಪ್ಯಾಂಟು, ಪ್ಯಾಂಟು. ಅಂಗಡಿಯಲ್ಲಿ ರಿಯಾಯಿತಿ ಮಾರಾಟ ಶುರುವಾದರೆ ಆಲ್ಟರೇಷನ್ ಕೌಂಟರಿನವಳ ಸೊಂಟ ಬಿದ್ದುಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಜನ ಎರಡು ಸೈಜು ದೊಡ್ಡದನ್ನು ಎತ್ತಿಕೊಂಡು ಬರುತ್ತಾರೆ, ಆಮೇಲೆ "ಸ್ವಲ್ಪ ಹಿಡಿದು ಕೊಡಿ" ಎಂದು ನನ್ನ ಮುಂದೆ ಎಸೆಯುತ್ತಾರೆ. ಒಬ್ಬ ಮಹಾನುಭಾವ ತನ್ನ ಅಪ್ಪನ ಕೋಟು ತಂದಿದ್ದ. ಅಪ್ಪ ಆಜಾನುಬಾಹು, ಇವನು ಗೇಣುದ್ದ. "ಅಪ್ಪನ ಥರಾನೇ ಕಾಣ್ಬೇಕು ಮೇಡಂ" ಎಂದ. ನಾನು ದರ್ಜಿ ಕಣಪ್ಪಾ, ಬ್ರಹ್ಮ ಅಲ್ಲ — ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಸಂಜೆ ಈ ಸೊಂಟದ, ಕೋಟಿನ ಕಥೆಯನ್ನೇ ಬ್ಲಾಗಿಗೆ ಹಾಕಿದೆ. ಜೊತೆಗೆ ಅಡುಗೆಮನೆ ನಲ್ಲಿಯ ಪುರಾಣ — ಟಪ್, ಟಪ್, ವಾರವಾಯಿತು, ಮನೆ ಓನರಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು. ಚೆನ್ನಾಗಿ ಬಂದಿತ್ತು. ಕಾಮೆಂಟ್ ಒಂದೇ ಒಂದು. ಅದೇ ಹಿತೈಷಿ. "ಕೋಟಿನ ಪ್ರಸಂಗ ಓದಿ ನಕ್ಕೆ. ನೀವು ತುಂಬ ದುಡಿಯುತ್ತೀರಿ. ಸೊಂಟ ನೋಡಿಕೊಳ್ಳಿ."

ಯಾರೋ ಏನೋ. ಹೆಸರಿಲ್ಲ, ಫೋಟೋ ಇಲ್ಲ. ಆದರೆ ಇಷ್ಟು ವರ್ಷದಲ್ಲಿ ಒಂದು ಪೋಸ್ಟ್ ಬಿಟ್ಟವನಲ್ಲ. ಒಂದು ಕಾಲಕ್ಕೆ ನಾವು ಬ್ಲಾಗಿನವರೇ ಒಂದು ಗುಂಪು ಇದ್ದೆವು, ಒಬ್ಬರದನ್ನು ಒಬ್ಬರು ಓದಿ, ಹೊಗಳಿ, ಕಾಲೆಳೆದು... ಈಗ ಎಲ್ಲರೂ ಅಂಗಡಿ ಮುಚ್ಚಿದ್ದಾರೆ. ಉಳಿದವಳು ನಾನು. ನನಗೆ ಉಳಿದವನು ಹಿತೈಷಿ.

ಯಾಕೆ ಬಿಟ್ಟರು ಎಲ್ಲರೂ? ಮುಂದಿನ ಪೋಸ್ಟಿಗೆ ಒಳ್ಳೆಯ ವಿಷಯ. ಕೇಳಬೇಕು.

ಮಾರ್ಚ್ 6, ಗುರುವಾರ

ಊಟದ ಬಿಡುವಿನಲ್ಲಿ ಹಳಬರಿಗೆಲ್ಲ ಫೋನ್.

ಗಣಿತದ ಮೇಷ್ಟ್ರು: "ಟೈಮೆಲ್ಲಿದೆ ತಾಯಿ?" ಸುಳ್ಳು. ದಿನವಿಡೀ ಆನ್‌ಲೈನಿನಲ್ಲಿ ಬೇರೆಯವರ ಗೋಡೆ ಮೇಲೆ ಜಗಳ ಆಡುವುದಕ್ಕೆ ಇವರಿಗೆ ಟೈಮ್ ಇದೆ.

ರಸ್ತೆ ಕಥೆ ಬರೆಯುತ್ತಿದ್ದ ಲಾರಿ ಅಣ್ಣ: "ಹೆಂಡ್ತಿ ಓದ್ಬಿಟ್ಲು ಕಣಮ್ಮ. ಅಷ್ಟೇ ಕಥೆ." ನಕ್ಕು ನಕ್ಕು ಸಾಕಾಯಿತು. ಈಗ ಏನು ಮಾಡುತ್ತೀರಿ ಎಂದರೆ, "ಬರೆಯೋದರ ಬದಲು ಮಾತಾಡ್ತೀನಿ. ಕ್ಲೀನರ್ ಕೂತಿರ್ತಾನಲ್ಲ ಪಕ್ಕದಲ್ಲಿ, ಅವನ ಹಣೆಬರಹ."

ಕೊನೆಗೆ ನರ್ಸಮ್ಮ. ವಾರ್ಡಿನ ಕಥೆ ಬರೆಯುತ್ತಿದ್ದವಳು, ನಮ್ಮೆಲ್ಲರಿಗಿಂತ ಗಟ್ಟಿ ಕೈ. ಎರಡು ವರ್ಷದ ಹಿಂದೆ ಥಟ್ಟನೆ ನಿಲ್ಲಿಸಿದ್ದಳು. ನನ್ನ ಪ್ರಶ್ನೆ ಮುಗಿದ ಮೇಲೆ ಆ ಕಡೆ ಬಾಗಿಲು ಹಾಕಿದ ಸದ್ದು. ಆಮೇಲೆ, "ನೀನು ಇನ್ನೂ ಬರೀತಿದೀಯಾ?" ಎಂದಳು. ಹೂಂ, ಎಂದೆ. "ಅದನ್ನ ಬರೀಬೇಡ. ಯಾಕೆ ಬಿಟ್ರು ಅನ್ನೋದನ್ನ." ಕಟ್ ಮಾಡಿಬಿಟ್ಟಳು.

ಎಂಥ ಕೊಬ್ಬು! ಫೋನಿಟ್ಟ ಮೇಲೂ ಸಿಟ್ಟು ಇಳಿಯಲಿಲ್ಲ.

ಮಾರ್ಚ್ 9, ಭಾನುವಾರ

ಬೆಳಗ್ಗೆ ಬಾಗಿಲು ಬಡಿದರು. ಪ್ಲಂಬರ್. ಚೀಲ, ಸ್ಪ್ಯಾನರ್, ಹೊಸ ನಲ್ಲಿ ಎಲ್ಲ ತಂದಿದ್ದಾನೆ. "ಅಡುಗೆಮನೆ ನಲ್ಲಿ ತಾನೇ ಮೇಡಂ? ಮೂರನೇ ಮಹಡಿ?" ನೋಡನೋಡುತ್ತಲೇ ಸರಿಮಾಡಿದ. ದುಡ್ಡು ಎಷ್ಟು ಎಂದರೆ, "ಕೊಟ್ಟಾಗಿದೆಯಲ್ಲ" ಎಂದ.

ಇವತ್ತು ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟಿದ ಎಂದುಕೊಂಡು ಓನರಿಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದೆ. "ನಾನಾ? ನಾನ್ಯಾಕಮ್ಮ ಕಳಿಸ್ಲಿ?" ಎಂದು ಅವರೇ ಗಾಬರಿ, ರಿಪೇರಿ ದುಡ್ಡನ್ನು ಎಲ್ಲಿ ಬಾಡಿಗೆಯಲ್ಲಿ ಹಿಡಿದುಬಿಡುತ್ತೇನೋ ಎಂದು.

ಮಧ್ಯಾಹ್ನ ಬ್ಲಾಗಿನಲ್ಲಿ ಹಿತೈಷಿ: "ನಲ್ಲಿ ಸರಿಹೋಯಿತೇ? ಇನ್ನು ನೀವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು."

ಈ ಡೈರಿಯಲ್ಲಿ ಸುಳ್ಳು ಬರೆದು ಏನಾಗಬೇಕು? ಮೊದಲು ಖುಷಿಯೇ ಆಯಿತು. ನನ್ನ ಮಗಳು ಚೂಟಿಯ ಅಪ್ಪ ಬಿಟ್ಟುಹೋದ ಮೇಲೆ ನನ್ನ ಮನೆಯ ಒಂದು ಮೊಳೆಯ ಬಗ್ಗೆಯಾದರೂ ಯಾರು ಯೋಚಿಸಿದ್ದಾರೆ? ಕಣ್ಣು ತೇವವಾಯಿತು, ಥೂ. ಪಾತ್ರೆ ತೊಳೆಯಲು ನಿಂತೆ. ಹೊಸ ನಲ್ಲಿಗೆ ಕೈ ಹಾಕಿದವಳು ತಿರುಗಿಸದೆ ಹಿಂದೆಗೆದೆ.

ವಿಳಾಸ ನಾನು ಎಲ್ಲೂ ಬರೆದಿಲ್ಲವಲ್ಲ.

ಮಾರ್ಚ್ 10, ಸೋಮವಾರ

ಬರೆದಿಲ್ಲ ಎನ್ನುವುದು ನನ್ನ ಭ್ರಮೆ. ಇಡೀ ಸಂಜೆ ಹಳೆಯ ಪೋಸ್ಟು ತಿರುವಿದೆ. ಬ್ಲಾಗಿನ ಹೆಸರೇ "ಮೂರನೇ ಮಹಡಿ". ಕೆಳಗಡೆ ಬೇಕರಿ, ಬೆಳಗಿನ ಬ್ರೆಡ್ ವಾಸನೆ — ಬರೆದಿದ್ದೇನೆ. ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತದೆ, ಇಂಥ ನಂಬರ್ ಬಸ್ಸು ಯಾವತ್ತೂ ಲೇಟು — ಬರೆದಿದ್ದೇನೆ. ಚೂಟಿಯ ಸ್ಕೂಲ್ ಬೆಲ್ ನಮ್ಮ ಮನೆಗೇ ಕೇಳಿಸುತ್ತದೆ, ಬೆಲ್ ಹೊಡೆದ ಮೇಲೆ ಶೂ ಹಾಕಿಕೊಳ್ಳುವ ಸೋಮಾರಿ ಅವಳು — ನಗೆಚಟಾಕಿಯಾಗಿ ಬರೆದಿದ್ದೇನೆ. ತುತ್ತು ಮಾಡಿ ತಿನ್ನಿಸಿದ್ದೇನೆ ಅವನಿಗೆ, ಕೈಯಾರೆ.

ಹಿಂದಿನಿಂದ ಬಂದು ಸ್ಕ್ರೀನ್ ಇಣುಕಿದ ಚೂಟಿ, "ನನ್ ಹಲ್ಲು ಬಿದ್ದಿದ್ದನ್ನೂ ಬರ್ದಿದೀಯಾ! ನನ್ನ ಕೇಳಿದ್ಯಾ?" ಎಂದಳು. ಹತ್ತು ವರ್ಷದವಳು ಕೇಳುವ ಪ್ರಶ್ನೆ, ನನಗೆ ಒಂದು ದಿನವೂ ಹೊಳೆಯಲಿಲ್ಲ. ಗದರಿಬಿಟ್ಟೆ. ಪಾಪ.

ಸ್ಕೂಲಿನ ಪೋಸ್ಟು, ಕಿಟಕಿಯ ಪೋಸ್ಟು, ಊರೂರು ತಿರುಗಿದ್ದು, ತಂಗಿ ಮನೆಗೆ ರೈಲಿನಲ್ಲಿ ಹೋಗಿಬಂದದ್ದು — ಎಲ್ಲ ಡಿಲೀಟ್ ಮಾಡಿದೆ.

ಮಾರ್ಚ್ 11, ಮಂಗಳವಾರ

ಹಿತೈಷಿಯ ಕಾಮೆಂಟ್: "ಹಳೆಯವು ಕೆಲವು ಕಾಣುತ್ತಿಲ್ಲ. ಅಕಸ್ಮಾತ್ ಅಳಿಸಿಹೋಯಿತೇ? ಚಿಂತೆ ಬೇಡ, ಮೊದಲಿನಿಂದ ಎಲ್ಲವನ್ನೂ ಪ್ರಿಂಟ್ ತೆಗೆದು ಬೈಂಡ್ ಮಾಡಿಸಿಟ್ಟಿದ್ದೇನೆ. ಬೇಕಾದರೆ ತಂದುಕೊಡುತ್ತೇನೆ."

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಅದು ನಾನು. ತಂದುಕೊಡುತ್ತಾನಂತೆ!

ಮಾರ್ಚ್ 13, ಗುರುವಾರ

ಅರ್ಧ ದಿನ ರಜೆ ಹಾಕಿ ನರ್ಸಮ್ಮನ ಹತ್ತಿರ ಹೋದೆ. ಆಸ್ಪತ್ರೆ ಬದಲಾಗಿದೆ, ಊರಾಚೆ ಎಲ್ಲೋ. ಕ್ಯಾಂಟೀನಿನ ಮೂಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಕೂತಳು. ನಾನು ಬಾಯಿ ತೆರೆಯುವ ಮೊದಲೇ, "ಹಿತೈಷಿ ತಾನೇ?" ಎಂದಳು.

ಚೀಲದಿಂದ ಫೋನ್ ತೆಗೆದು ಅವನ ಕಾಮೆಂಟ್ ತೋರಿಸಿದೆ.

ಅವಳದೂ ಅದೇ ಕಥೆ. ಮಂಡಿ ನೋವು ಎಂದು ಬರೆದರೆ ಮನೆಗೆ ಔಷಧ. ಕೊಡೆ ಕಳೆದುಹೋಯಿತು ಎಂದರೆ ಕೊಡೆ. "ಒಂದು ಕೆಟ್ಟ ಮಾತು ಆಡಿಲ್ಲ ಕಣೇ. ಒಂದೇ ಒಂದು. ಅದೇ ತೊಂದ್ರೆ. ಯಾರ ಹತ್ರ ಹೋಗಿ ಏನಂತ ದೂರು ಕೊಡ್ತೀಯ?" ಕೊಟ್ಟಿದ್ದಳಂತೆ. ಸ್ಟೇಷನ್‌ನಲ್ಲಿ ನಕ್ಕರಂತೆ — "ಕೊಡೆ ಕೊಟ್ಟೋನ ಮೇಲೆ ಏನ್ ಕೇಸ್ ಹಾಕೋದಮ್ಮ?"

"ಬ್ಲಾಗ್ ನಿಲ್ಲಿಸಿದ್ಯಲ್ಲ, ಆಮೇಲೆ?"

"ಅದೇ ನಾನು ಮಾಡಿದ ತಪ್ಪು. ಒಂದೇ ಸಲ ನಿಲ್ಲಿಸ್ದೆ. ಪೋಸ್ಟು ಬರ್ತಿದ್ದ ತನಕ ಮನೇಲಿ ಕೂತು ಓದ್ತಿದ್ದ. ನಿಂತ ತಕ್ಷಣ ಎದ್ದು ಬಂದ." ವಾರ್ಡಿನ ಹೊರಗೆ ಬೆಂಚಿನ ಮೇಲೆ ದಿನಾ ಕೂರುತ್ತಿದ್ದನಂತೆ. ಹಣ್ಣು ಹಿಡಿದುಕೊಂಡು. ಸಾಧಾರಣ ಮನುಷ್ಯ, ಸ್ವಚ್ಛ ಬಟ್ಟೆ, ದಾರಿಯಲ್ಲಿ ಸಿಕ್ಕರೆ ಗುರುತು ಹತ್ತುವುದಿಲ್ಲ. ಒಂದೇ ಪ್ರಶ್ನೆ — "ಯಾಕೆ ನಿಲ್ಲಿಸಿದ್ರಿ? ನನ್ನಿಂದ ಏನು ತಪ್ಪಾಯ್ತು?" ಒಂದು ದಿನ ಇವಳು ತಾಳ್ಮೆಗೆಟ್ಟು ಕೂಗಾಡಿದಳಂತೆ. ಅವನು ಬೇಜಾರು ಮಾಡಿಕೊಂಡು ಹೋದ. ಆ ವಾರ ಇವಳು ಸಾಕಿದ ನಾಯಿ ಮನೆ ಮುಂದಿನಿಂದ ಕಾಣೆಯಾಯಿತು. "ಅವನೇ ಅಂತ ಹೇಳಕ್ಕಾಗಲ್ಲ. ಆದ್ರೆ ಅದರ ಕತ್ತಿನ ಬೆಲ್ಟು ಅಂಚೆಯಲ್ಲಿ ಬಂತು. ಒಗೆದು, ಒಣಗಿಸಿ, ಮಡಚಿ."

ಟೀ ಆರಿ ತಣ್ಣಗಾಗಿತ್ತು.

"ಬಿಡಬೇಡ" ಎಂದಳು ನರ್ಸಮ್ಮ. "ಬತ್ತಿಸು. ಸಪ್ಪೆ ಬರಿ. ಸ್ವಲ್ಪ ಸ್ವಲ್ಪ ದೂರ ಆಗು. ಅವನಿಗೇ ಬೇಜಾರು ಬರ್ಬೇಕು. ಮತ್ತೆ ಏನಾದ್ರೂ ಬರೀಲೇಬೇಕು ಅನ್ಸಿದ್ರೆ ಪುಸ್ತಕದಲ್ಲಿ ಬರ್ಕೊ, ಬೀಗ ಹಾಕಿಡು. ನಾನು ಹಾಗೇ ಮಾಡ್ತಿದೀನಿ."

ಹೊರಡುವಾಗ ಮೂಲೆಯ ಬೆಂಚುಗಳನ್ನೆಲ್ಲ ಒಮ್ಮೆ ನೋಡಿದಳು. ಅಭ್ಯಾಸ ಇರಬೇಕು.

ಮಾರ್ಚ್ 16, ಭಾನುವಾರ

ಬಸ್ಸಿನಲ್ಲಿ ಹೊಳೆದ ಉಪಾಯ. ಸಪ್ಪೆ ಬರೆಯುವುದಕ್ಕಿಂತ ಮನೆಯನ್ನೇ ಬದಲಾಯಿಸಿಬಿಟ್ಟರೆ? ನಿಜವಾಗಿ ಅಲ್ಲ, ಬ್ಲಾಗಿನಲ್ಲಿ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಚೂಟಿಯನ್ನು ಕರೆದುಕೊಂಡು ಹೊರಟೆ ಎಂದು. ಇಲ್ಲದ ಊರು, ಇಲ್ಲದ ಮನೆ. ಹುಡುಕಿಕೊಳ್ಳಲಿ ಅಲ್ಲಿ ಹೋಗಿ. ಒಂದಷ್ಟು ತಿಂಗಳು ಅಲ್ಲಿಂದ ಬರೆದು, ಆಮೇಲೆ ಮೆಲ್ಲಗೆ ನಿಲ್ಲಿಸುವುದು.

ನನ್ನ ಬುದ್ಧಿಗೆ ನಾನೇ ಭೇಷ್ ಹೇಳಿಕೊಂಡೆ.

"ಹೊಸ ಮನೆ" ಎಂದು ಬರೆದೆ. ವಿಶಾಲವಾದ ಹಾಲ್. ಗಾಳಿ ಬೆಳಕು ಚೆನ್ನಾಗಿದೆ. ಸುತ್ತ ಹಸಿರು. ಓದಿ ಹೇಳಿದರೆ ಚೂಟಿ ಕಿಸಕ್ಕೆಂದಳು — "ಅಮ್ಮಾ, ಇದು ಬಾಡಿಗೆಗಿದೆ ಅಂತ ಪೇಪರಲ್ಲಿ ಬರುತ್ತಲ್ಲ, ಹಂಗಿದೆ." ಇರಲಿ ಬಿಡು, ಎಂದು ಹಾಕಿದೆ.

ಮಾರ್ಚ್ 17, ಸೋಮವಾರ

ಹಿತೈಷಿ: "ಇದು ನಿಮ್ಮ ಬರವಣಿಗೆಯಂತಿಲ್ಲ. ಹೊಸ ಮನೆಯಲ್ಲಿ ಒಂದು ಸದ್ದೂ ಇಲ್ಲ, ಒಂದು ವಾಸನೆಯೂ ಇಲ್ಲ. ಯಾರಾದರೂ ಹೆದರಿಸಿ ಬರೆಸುತ್ತಿದ್ದಾರೆಯೇ? ಬಂದು ನೋಡಲೇ?"

ಸೂಜಿ ಬೆರಳಿಗೆ ಚುಚ್ಚಿತು ಇವತ್ತು. ಯಾರದೋ ಬಿಳಿ ಶರ್ಟಿನ ಕಾಲರಿಗೆ ರಕ್ತ. ಮ್ಯಾನೇಜರ್ ಬೈದರು.

ಅಳತೆಗೆಂದು ಬಂದ ಗಂಡಸರ ಮುಖವನ್ನೆಲ್ಲ ನೋಡುತ್ತಿದ್ದೇನೆ. ಒಬ್ಬ ಹೊಸ ಪ್ಯಾಂಟು ಹಾಕಿಕೊಂಡು ನಿಂತಿದ್ದ. ಉದ್ದ ಸರಿಯಾಗಿಯೇ ಇತ್ತು. "ಆದ್ರೂ ಒಂದ್ಸಲ ನೋಡಿ" ಎಂದ. ಮಂಡಿಯೂರಿ ಪಾದದ ಹತ್ತಿರ ಟೇಪ್ ಹಿಡಿದೆ. ಮೇಲಿನಿಂದ ಅವನು ನನ್ನನ್ನೇ ನೋಡುತ್ತಿರುವ ಹಾಗೆ... ತಲೆ ಎತ್ತಲು ಧೈರ್ಯ ಬರಲಿಲ್ಲ. "ಸರಿ ಇದೆ ಸರ್" ಎಂದೆ. "ಸರಿ ಇದೆ ಅಂತ ನಂಗೂ ಗೊತ್ತಿತ್ತು" ಎಂದು ಹೋದ. ಅವನೋ, ಅವನಲ್ಲವೋ. ಈಗ ಎಲ್ಲರೂ ಅವನೇ.

ಮಾರ್ಚ್ 19, ಬುಧವಾರ

ಮನೆಯೊಂದನ್ನು ಹುಟ್ಟಿಸಲು ಮೂರು ದಿನದಿಂದ ತಿಣುಕುತ್ತಿದ್ದೇನೆ. ಬರುವುದಿಲ್ಲ. ನಾನು ಆಲ್ಟರೇಷನ್‌ನವಳು. ಇದ್ದದ್ದನ್ನು ಬಿಚ್ಚಿ, ಹಿಡಿದು, ಬಿಟ್ಟು ಹೊಲಿಯುವುದು ಗೊತ್ತು. ಥಾನಿನಿಂದ ಬಟ್ಟೆ ಕತ್ತರಿಸಿ ಹೊಸದು ಹೊಲಿ ಎಂದರೆ ಕೈ ಓಡುವುದಿಲ್ಲ. ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು — ಅಷ್ಟೇ ನನ್ನ ಬಂಡವಾಳ.

ಸುಳ್ಳು ಬರೆದರೆ ಅವನಿಗೆ ತಿಳಿಯುತ್ತದೆ. ತಿಳಿದರೆ ಬರುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮಾರ್ಚ್ 20, ಗುರುವಾರ

ಬಂತು! ಗೇಟಿನಿಂದ ಶುರುಮಾಡಿದೆ. ಎತ್ತಿ ನೂಕದಿದ್ದರೆ ತೆರೆಯದ ಕಬ್ಬಿಣದ ಗೇಟು. ಮೆಟ್ಟಿಲು ಮೂರು, ನಡುವಿನದು ಎತ್ತರ, ಹೊಸಬರು ಎಡವಲೇಬೇಕು. ಎದುರಿಗೆ ಹಿಟ್ಟಿನ ಗಿರಣಿ — ಅದು ಶುರುವಾದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು, ಜಗಳವಾಡುವವರಿಗೆ ಅನುಕೂಲ. ಕಿಟಕಿ ಸಂದಿಯಿಂದ ಬಂದ ಹಿಟ್ಟಿನ ಧೂಳು ಟಿವಿ ಮೇಲೆ, ಅದರ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಒಂದೇ ಉಸಿರಿಗೆ ಬರೆದೆ. ಹಾಕಿದೆ.

ತಂಗಿ ಮನೆ. ನಿಜ. ಆದರೆ ಊರಿನ ಹೆಸರು ಇಲ್ಲ, ತಂಗಿಯ ಸುದ್ದಿಯೇ ಇಲ್ಲ. ಅಲ್ಲಿರುವವಳು ನಾನು, ಜೊತೆಗೆ ಚೂಟಿ. ಲೋಕದಲ್ಲಿ ಎತ್ತಿ ನೂಕುವ ಗೇಟು ಎಷ್ಟಿಲ್ಲ? ಗಿರಣಿ ಎಷ್ಟಿಲ್ಲ?

ಹಿತೈಷಿ: "ಈಗ ನಿಮ್ಮ ದನಿ ಬಂತು. ಸಮಾಧಾನವಾಯಿತು."

ನನಗೂ. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಏಪ್ರಿಲ್ 6, ಭಾನುವಾರ

ಇಲ್ಲಿ ಬರೆಯಲು ಪುರಸೊತ್ತಿರಲಿಲ್ಲ, ಬ್ಲಾಗಿನಲ್ಲಿ ಬರೆಯುತ್ತಿದ್ದೆ. ಯಾವತ್ತೂ ಇಷ್ಟು ಚೆನ್ನಾಗಿ ಬರೆದಿಲ್ಲ. ಗಣಿತದ ಮೇಷ್ಟ್ರು ಎಲ್ಲಿಂದಲೋ ಓದಿ ಫೋನ್ ಮಾಡಿದರು, "ಏನಮ್ಮಾ, ಮನೆ ಬದಲಾಯಿಸಿದ್ದಕ್ಕೆ ಕೈಯೂ ಬದಲಾಯ್ತಾ?" ಹಳೆಯ ಓದುಗರು ಒಬ್ಬೊಬ್ಬರೇ ತಲೆ ಹಾಕುತ್ತಿದ್ದಾರೆ. ಹೆದರಿಕೆಗೆ ಶುರುಮಾಡಿದ್ದು ಈಗ ಚಟ. ನಿಲ್ಲಿಸಬೇಕಲ್ಲ ಎಂದು ನೆನಪಾದಾಗ ಸಂಕಟವಾಗುತ್ತದೆ. ನಾಚಿಕೆಗೆಟ್ಟವಳು ನಾನು.

ತಂಗಿಯ ಜೊತೆ ದಿನಾ ಫೋನಿನಲ್ಲಿ ಮಾತು. ಎರಡು ತಿಂಗಳ ಮಗು, ಗಂಡ ಹಡಗಿನ ಕೆಲಸದವನು, ಮೊನ್ನೆ ಹೊರಟ, ಇನ್ನು ಆರು ತಿಂಗಳು ನೀರಿನ ಮೇಲೆ. ಅಮ್ಮ ಇದ್ದಿದ್ದರೆ ಹೋಗಿ ಇರುತ್ತಿದ್ದಳು. ನನಗೆ ರಜೆ ಸಿಕ್ಕಿಲ್ಲ. "ಎತ್ತಿಕೊಂಡ್ರೆ ಮಾತ್ರ ಮಲಗ್ತಾಳೆ ಅಕ್ಕ, ಕೆಳಗೆ ಹಾಕಿದ್ರೆ ಸೈರನ್. ಕೈಯೆಲ್ಲ ಬಿದ್ದೋಗಿದೆ" ಎಂದಳು. ನಕ್ಕೆ. ಸಂಜೆ ಅದನ್ನೂ ಬರೆದೆ — ಪಕ್ಕದ ಮನೆಯ ಬಾಣಂತಿ, ಒಂಟಿ ಹೆಂಗಸು, ಎತ್ತಿಕೊಂಡವರ ತೋಳಲ್ಲೇ ಮಲಗುವ ಕೂಸು. ಪಕ್ಕದ ಮನೆ ಎಂದ ಮೇಲೆ ಯಾರಿಗೇನು?

ಹಿತೈಷಿ: "ಪಾಪ. ಆ ತಾಯಿಗೆ ಒಬ್ಬರ ನೆರವು ಬೇಕು."

ಏಪ್ರಿಲ್ 21, ಸೋಮವಾರ. ಸಂಜೆ

ಬೇಗ ಬೇಗ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಅಂಗಡಿಯಲ್ಲಿ ಕೈತುಂಬ ಕೆಲಸ, ಬಾಯಲ್ಲಿ ಗುಂಡುಸೂಜಿ. ತಂಗಿಯ ಫೋನ್. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಅವಳ ದನಿಯಲ್ಲಿ ಸಂತೋಷವೋ ಸಂತೋಷ. "ಅಕ್ಕಾ, ಎಂಥವಳೇ ನೀನು! ಹೇಳ್ಬಾರ್ದಾ? ವೆಲ್ಡಿಂಗ್‌ನವನು ಬಂದು ಗೇಟ್ ಸರಿಮಾಡಿ ಹೋದ. ಈಗ ಒಂದು ಬೆರಳಲ್ಲಿ ತೆಗೀಬಹುದು! ದುಡ್ಡು ಕೊಟ್ಟಾಗಿದೆ ಅಂದ. ನೀನೇ ತಾನೇ ಕಳಿಸಿದ್ದು?"

ಸೂಜಿಗಳನ್ನು ಬಾಯಿಂದ ತೆಗೆಯಲೂ ಮರೆತೆ.

"ಅಕ್ಕಾ? ನೀನೇ ತಾನೇ?"

ಹೂಂ, ಎಂದೆ.

ಯಾಕೆ ಅಂದೆನೋ! ಅವಳಿಗೆ ಬಿಪಿ, ಹೆರಿಗೆಯಲ್ಲೇ ಹೆಚ್ಚುಕಡಿಮೆ ಆಗಿತ್ತು, ಡಾಕ್ಟರು ಗಾಬರಿ ಮಾಡಬೇಡಿ ಎಂದಿದ್ದರು. ಮನೆಯಲ್ಲಿ ಒಬ್ಬಳೇ. ಯಾವನೋ ಅಪರಿಚಿತ ಕಳಿಸಿದ್ದು ಎಂದು ಫೋನಿನಲ್ಲಿ ಹೇಗೆ ಹೇಳಲಿ? ಎದುರಿಗೆ ಗಿರಾಕಿ ಬೇರೆ ನಿಂತಿದ್ದ. ಸಂಜೆ ನಿಧಾನವಾಗಿ ಹೇಳೋಣ ಎಂದುಕೊಂಡೆ. ಇವೆಲ್ಲ ಈಗ ಜೋಡಿಸುತ್ತಿರುವ ಕಾರಣಗಳು. ಅವಳು ಖುಷಿಯಾಗಿದ್ದಳು, ನನ್ನನ್ನು ಹೊಗಳುತ್ತಿದ್ದಳು, ಹೂಂ ಅಂದುಬಿಟ್ಟೆ. ಅಷ್ಟೇ.

ನರ್ಸಮ್ಮನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ತಂಗಿ ಮನೇನಾ? ಅಯ್ಯೋ ಹುಚ್ಚಿ! ಅವನ ಹತ್ರ ನಿನ್ನ ಹಳೇ ಪೋಸ್ಟೆಲ್ಲ ಇದೆಯಲ್ಲೇ. ತಂಗಿ ಊರಿಗೆ ಹೋಗಿದ್ದನ್ನ ಹೆಸರು ಹಾಕೇ ಬರ್ದಿದ್ಯಲ್ಲೇ ನೀನು" ಎಂದು ಕೂಗಿದಳು. ಆಮೇಲೆ ದನಿ ತಗ್ಗಿಸಿ, "ಹೂಂ ಅಂದ್ಯಾ? ಇನ್ನು ಮೇಲೆ ಯಾರು ಹೋಗಿ ಬಾಗಿಲು ತಟ್ಟಿದ್ರೂ ಅಕ್ಕ ಕಳಿಸಿದ್ದು ಅಂತ ತೆಗೀತಾಳಲ್ಲೇ ಅವಳು."

ಏಪ್ರಿಲ್ 21. ಅದೇ ಸಂಜೆ, ಸ್ವಲ್ಪ ಹೊತ್ತಿನ ಮೇಲೆ

ತಂಗಿ ಫೋನ್ ಎತ್ತುತ್ತಿಲ್ಲ. ಮಗು ಮಲಗಿದರೆ ಸೈಲೆಂಟಿನಲ್ಲಿ ಇಟ್ಟುಬಿಡುತ್ತಾಳೆ, ಮರುದಿನದವರೆಗೆ ಅದರ ಕಡೆ ನೋಡುವುದಿಲ್ಲ. ಗಿರಣಿಯವರ ನಂಬರ್ ನನ್ನ ಹತ್ತಿರ ಇಲ್ಲ. ಅವಳ ಗಂಡ ಸಮುದ್ರದ ನಡುವೆ. ನೆಟ್ ಇಲ್ಲದಿದ್ದರೂ ತಲುಪಲಿ ಎಂದು ಎಸ್ಸೆಮ್ಮೆಸ್ ಹಾಕಿದೆ: ಗೇಟು ನಾನು ಮಾಡಿಸಿದ್ದಲ್ಲ, ಯಾರು ಬಂದರೂ ತೆಗೆಯಬೇಡ, ನಾಳೆ ಬರುತ್ತೇನೆ. ಉತ್ತರ ಬಂದಿಲ್ಲ. ಅವಳ ಊರಿನ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದೆ. "ಗೇಟ್ ರಿಪೇರಿ ಮಾಡ್ಸಿದ್ದಾರೆ, ಅದು ಕಂಪ್ಲೇಂಟಾ?" ಎಂದರು. ನೋಡೋಣ ಎಂದರು.

ತಡೆಯಲಾಗಲಿಲ್ಲ. ಬ್ಲಾಗ್ ತೆರೆದು ನೇರ ಅವನಿಗೇ ಬರೆದೆ. ಅದು ನನ್ನ ಮನೆಯಲ್ಲ. ನಾನು ಬರೆದದ್ದೆಲ್ಲ ಸುಳ್ಳು. ಅಲ್ಲಿಗೆ ಹೋಗಬೇಡಿ. ನಿಮಗೆ ಏನು ಕೇಳಬೇಕಿದ್ದರೂ ನನ್ನನ್ನು ಕೇಳಿ, ನಾನು ಅದೇ ಮೂರನೇ ಮಹಡಿಯಲ್ಲಿದ್ದೇನೆ. ದಯವಿಟ್ಟು.

ಇಷ್ಟು ದಿನ ಅಡಗಿಸಿದ್ದನ್ನು ನಾನೇ ಕೈಮುಗಿದು ಅವನ ಮುಂದೆ ಇಟ್ಟೆ. ಬರಲಿ, ನನ್ನ ಹತ್ತಿರವೇ ಬರಲಿ. ನನ್ನ ಬಾಯಿಚಪಲಕ್ಕೆ ಅವಳು ಯಾಕೆ ಬೆಲೆ ತೆರಬೇಕು?

ಉತ್ತರ ತಕ್ಷಣ ಬಂತು.

"ಸುಳ್ಳು ಎಂದು ಯಾಕೆ ಅನ್ನುತ್ತೀರಿ? ನೀವು ಸುಳ್ಳು ಬರೆಯುವವರಲ್ಲ. ಅದು ನಿಮ್ಮ ತಂಗಿಯ ಮನೆ ಎಂದು ಮೊದಲ ದಿನವೇ ಗೊತ್ತಾಯಿತು. ಹಳೆಯ ಪುಟಗಳಲ್ಲಿ ಆ ಗಿರಣಿ ಇದೆ. ನಿಮಗೆ ರಜೆ ಸಿಗುತ್ತಿಲ್ಲ, ಅದಕ್ಕೇ ತಂಗಿಯನ್ನು ನನಗೆ ಒಪ್ಪಿಸುತ್ತಿದ್ದೀರಿ ಎಂದು ಅರ್ಥಮಾಡಿಕೊಂಡೆ. ನೀವು ಬಾಯಿಬಿಟ್ಟು ಕೇಳುವವರಲ್ಲ, ಸಂಕೋಚ. ನಾನು ನೋಡಿಕೊಳ್ಳುತ್ತೇನೆ."

ಏಪ್ರಿಲ್ 22, ಮಂಗಳವಾರ. ರೈಲಿನಲ್ಲಿ

ಚೂಟಿಯನ್ನು ಬೇಕರಿ ಅಕ್ಕನ ಹತ್ತಿರ ಬಿಟ್ಟು ಮೊದಲ ರೈಲು ಹಿಡಿದೆ. "ಸ್ಕೂಲಿಗೆ ಕಳಿಸ್ಬೇಡಿ, ಯಾರು ಬಂದು ಏನೇ ಹೇಳಿದ್ರೂ ಇವಳನ್ನ ಕೊಡ್ಬೇಡಿ" ಎಂದರೆ ಅವರು ಕಣ್ಣು ಬಿಟ್ಟು ನೋಡಿದರು. ಚೂಟಿ ಸೆರಗು ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎದುರಿನ ಸೀಟಿನವರು ನೋಡುತ್ತಿದ್ದಾರೆ. ನೋಡಲಿ. ಇನ್ನು ಒಂದು ಅಕ್ಷರವನ್ನೂ ಲೋಕಕ್ಕೆ ತೋರಿಸುವುದಿಲ್ಲ. ಲಾರಿ ಅಣ್ಣ ಹೇಳಿದ್ದೇ ಸರಿ, ಬರೆಯುವ ಬದಲು ಪಕ್ಕದಲ್ಲಿರುವವರ ಜೊತೆ ಮಾತಾಡಬೇಕು. ತಂಗಿಯ ಜೊತೆ ಕೂತು ಮಾತಾಡುತ್ತೇನೆ. ಮಗುವನ್ನು ನಾನೇ ಎತ್ತಿಕೊಳ್ಳುತ್ತೇನೆ, ಅವಳು ಕಣ್ತುಂಬ ನಿದ್ದೆ ಮಾಡಲಿ. ಕೆಲಸ ಹೋದರೆ ಹೋಯಿತು. ಮಗಳಿಗೆ ಮೊದಲು ಕ್ಷಮೆ ಕೇಳುತ್ತೇನೆ, ಆಮೇಲೆ ತಂಗಿಗೆ.

ಸಿಗ್ನಲ್ ಇಲ್ಲದ ಕಡೆ ರೈಲು ನಿಂತಿದೆ. ಇನ್ನು ನಾಲ್ಕು ಸ್ಟೇಷನ್.

ಹೊರಟಿತು. ಫೋನಿಗೆ ಸಿಗ್ನಲ್ ಬಂತು. ತಂಗಿಯಿಂದ ಮೆಸೇಜು! ನಿನ್ನೆ ಹಾಕಿದ್ದನ್ನು ಓದಿದಳೇನೋ, ದೇವರೇ, ಓದಿರಲಿ —

ಫೋಟೋ. ಸೋಫಾ ಮೇಲೆ ಯಾರದೋ ತೋಳಿನಲ್ಲಿ ಮಗು. ಬಾಯಿ ತೆರೆದು ಗಾಢ ನಿದ್ದೆ. ಎತ್ತಿಕೊಂಡವರ ಮುಖ ಬಂದಿಲ್ಲ. ಗಂಡಸಿನ ಕೈ, ಕಾಲರಿನವರೆಗೆ ಇಸ್ತ್ರಿ ಮಾಡಿದ ಶರ್ಟು.

ಕೆಳಗೆ ಬರೆದಿದ್ದಾಳೆ: "ಅಕ್ಕಾ, ನೀನು ಕಳಿಸಿದವರು ಬೆಳಗ್ಗೆನೇ ಬಂದ್ರು. ಎಷ್ಟು ಒಳ್ಳೆಯವರು! ನಿನ್ನ ಬಗ್ಗೆ ಎಲ್ಲ ಗೊತ್ತು ಅವರಿಗೆ. ಮಗು ನೋಡು ಹೇಗೆ ಮಲಗಿದೆ, ನನ್ನ ಹತ್ರನೂ ಹೀಗೆ ಮಲಗಲ್ಲ. ‘ನೀವೂ ಹೋಗಿ ಮಲಗಿ, ಇವಳನ್ನ ಸ್ವಲ್ಪ ಹೊರಗೆ ಸುತ್ತಾಡಿಸಿಕೊಂಡು ಬರ್ತೀನಿ’ ಅಂತಿದ್ದಾರೆ. ತಿಂಗಳಾಯ್ತಕ್ಕ ನಿದ್ದೆ ಮಾಡಿ. ಫೋನ್ ಆಫ್ ಮಾಡ್ತಿದೀನಿ, ಆಮೇಲೆ ಮಾತಾಡೋಣ."

ನನ್ನ ಎಸ್ಸೆಮ್ಮೆಸ್ ಅವಳು ತೆರೆದೇ ಇಲ್ಲ. ಫೋಟೋ ಕಳಿಸಿ ಒಂದು ಗಂಟೆಯ ಮೇಲಾಗಿದೆ. ಆಫ್. ಮತ್ತೆ ಮಾಡಿದೆ, ಆಫ್. ಎದುರಿನವರು ಏನಾಯ್ತಮ್ಮ ಎನ್ನುತ್ತಿದ್ದಾರೆ. ಪೊಲೀಸ್ ಸ್ಟೇಷನ್ನಿಗೆ ಮಾಡಬೇಕು. ನಂಬರು ಇಲ್ಲೇ ಎಲ್ಲೋ ಬರೆದಿದ್ದೆ, ಈ ಪುಟದ ಹಿಂದೆ —

ಬ್ಲಾಗಿನಿಂದ ಸೂಚನೆ ಬಂತು. ಹೊಸ ಕಾಮೆಂಟ್, ಮೊದಲ ಸಾಲುಗಳಷ್ಟೇ ಕಾಣುತ್ತಿವೆ. "ಮಗು ಎದ್ದಿತು. ಕಣ್ಣು ಥೇಟ್ ನಿಮ್ಮ ಹಾಗೆಯೇ ಇದೆ. ಈಗ ನಾವು..."